ನಾಣ್ಯದ ಮೇಲಿನ ಚಿತ್ರ ಯಾರದು

ಅಪ್ಪನ ಪುಸ್ತಕ ಕೆಟ್ಟದ್ದು ನನ್ನಿಂದ. ನಮ್ಮ ಮನೆಯಲ್ಲಿ ಈ ವಿಷಯ ಎದ್ದಾಗ ಅಮ್ಮ ಸರ್ಕಾರವನ್ನು ಬಯ್ಯುತ್ತಾಳೆ, ಕನ್ನಡ ಬಳಗದ ಕಾರ್ಯದರ್ಶಿ ಆಂಟಿ ಕಾನೂನನ್ನು ಬಯ್ಯುತ್ತಾರೆ, ಅಪ್ಪ ಯಾರನ್ನೂ ಬಯ್ಯುವುದಿಲ್ಲ. ಹೀಗಾಗಿ ನಿಜವಾದ ಅಪರಾಧಿಯ ಕಡೆಗೆ ಈಗ ಯಾರೂ ಬೆರಳು ತೋರಿಸುವುದಿಲ್ಲ. ಆ ಕೆಲಸವನ್ನು ನಾನೇ ಮಾಡುತ್ತೇನೆ. ಪುರಾವೆಯೆಲ್ಲ ನನ್ನ ಹತ್ತಿರವೇ ಇದೆ.

೨೦೦೫ನೇ ಇಸವಿ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಿಂದ ದೆಹಲಿಯ ಉತ್ತರದ ತುದಿಯಲ್ಲಿದ್ದ ಕಾಲೇಜಿಗೆ ಎರಡು ಬಸ್ಸು ಹತ್ತಿಳಿಯಬೇಕಿತ್ತು. ಆ ದಾರಿಯಲ್ಲಿ ನಾನು ಪಾಠ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗೆ ತಯಾರಿ ನಡೆಸಿದ್ದೇ ಹೆಚ್ಚು. ಕಾಲೇಜಿನ ತಂಡದಲ್ಲಿ ನನಗೆ ಕಲಿಸಿದ್ದ ಮುಖ್ಯ ವಿದ್ಯೆ ಒಂದೇ. ಎದುರಿನವನು ಏನು ಹೇಳಬಹುದೆಂದು ಊಹಿಸಬೇಕು, ಅದನ್ನು ಅವನಿಗಿಂತ ಚೆನ್ನಾಗಿ ನಾವೇ ಮೊದಲು ಹೇಳಿಬಿಡಬೇಕು, ಆಮೇಲೆ ಮುರಿದು ಹಾಕಬೇಕು. ಅವನು ಎದ್ದು ನಿಲ್ಲುವ ಹೊತ್ತಿಗೆ ಅವನ ಹತ್ತಿರ ಏನೂ ಉಳಿದಿರಬಾರದು. ಇದರಲ್ಲಿ ನಾನು ನಿಜಕ್ಕೂ ಚುರುಕಾಗಿದ್ದೆ. ಗೋಡೆಯ ಮೇಲಿನ ಶೆಲ್ಫಿನಲ್ಲಿ ಅಮ್ಮನ ಉಪ್ಪಿನಕಾಯಿ ಭರಣಿಗಳನ್ನು ಪಕ್ಕಕ್ಕೆ ತಳ್ಳಿ ನಾನು ಗೆದ್ದ ಕಪ್ಪುಗಳು ಕೂತಿದ್ದವು.

ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ನಿವೃತ್ತಿಗೆ ಎರಡು ವರ್ಷ ಬಾಕಿ. ಅವರ ಕೆಲಸವೆಂದರೆ ಟಿಪ್ಪಣಿ ಬರೆಯುವುದು, ಪತ್ರದ ಕರಡು ತಯಾರಿಸುವುದು. ಮೂವತ್ತು ವರ್ಷ ಅವರು ಬರೆದ ವಾಕ್ಯಗಳ ಕೆಳಗೆ ಬೇರೆಯವರ ಸಹಿ ಬಿದ್ದಿದೆ. ಇದರ ಬಗ್ಗೆ ಅವರಿಗೆ ದೂರೇನೂ ಇರಲಿಲ್ಲ. ಇದ್ದಿದ್ದರೂ ನಮಗೆ ಹೇಳುವವರಲ್ಲ.

ಅವರಿಗೆ ಒಂದು ಹವ್ಯಾಸವಿತ್ತು. ತರಕಾರಿ ಗಾಡಿಯ ಭಯ್ಯಾ ಚಿಲ್ಲರೆ ಕೊಟ್ಟರೆ ಪ್ರತಿ ನಾಣ್ಯವನ್ನೂ ತಿರುಗಿಸಿ, ಇಸವಿಯ ಕೆಳಗೆ ಏನಿದೆ ಎಂದು ನೋಡುತ್ತಿದ್ದರು. ಅಲ್ಲಿ ಸಣ್ಣ ವಜ್ರದ ಆಕಾರವಿದ್ದರೆ ಅದು ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಬರೀ ಚುಕ್ಕಿಯಿದ್ದರೆ ನಮ್ಮ ಪಕ್ಕದ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತಾದ್ದು. ಅವರದು ಬೆಲೆಬಾಳುವ ಸಂಗ್ರಹವೇನಲ್ಲ. ಯಾರ ಜೇಬಿನಲ್ಲಾದರೂ ಸಿಗುವ ನಾಣ್ಯಗಳು, ಜೊತೆಗೆ ಅಜ್ಜನ ಕಾಲದಿಂದ ಉಳಿದ, ಬ್ರಿಟಿಷ್ ಅರಸನ ತಲೆಯಿರುವ ಹಳೆಯ ಬಿಲ್ಲೆಗಳು. ಎಲ್ಲವನ್ನೂ ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿಟ್ಟಿದ್ದರು.

ನಮ್ಮ ಕಾಲೊನಿಯ ಸಮುದಾಯ ಭವನದಲ್ಲಿ ಕನ್ನಡ ಬಳಗದವರು ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದರು. ಅಪ್ಪ ಅಲ್ಲಿ ಓದುವುದನ್ನು ಕಲಿಸುತ್ತಿದ್ದರು. ದೆಹಲಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ನಾನೂ ಆ ತಳಿಯವಳೇ ಆದ್ದರಿಂದ ಅವರನ್ನು ದೂರುವ ಹಕ್ಕು ನನಗಿಲ್ಲ. ಒಂದು ಭಾನುವಾರ ಅಪ್ಪ ಖಡ್ಗಮೃಗವಿರುವ ನಾಲ್ಕಾಣೆಯನ್ನು ಮೇಜಿನ ಮೇಲಿಟ್ಟು ಇದರಲ್ಲಿ ಏನಿದೆ ಎಂದು ಕೇಳಿದರಂತೆ. ಒಬ್ಬಳು ಗೇಂಡಾ ಎಂದಳು, ಇನ್ನೊಬ್ಬಳು ಅದಕ್ಕೆ ಕನ್ನಡದಲ್ಲಿ ಏನಂತಾರೆ ಎಂದಳು. ತಾವಾಗಿಯೇ ಕನ್ನಡದ ಪದ ಬೇಕೆಂದು ಮಕ್ಕಳು ಕೇಳಿದ್ದು ಅದೇ ಮೊದಲು. ಅಪ್ಪ ಅಂದು ಮನೆಗೆ ಬಂದವರೇ ಪುಸ್ತಕ ಬರೆಯಲು ಕೂತರು.

ಪುಸ್ತಕದ ಯೋಜನೆ ಸರಳವಾಗಿತ್ತು. ಪುಟದ ಮೇಲ್ಭಾಗದಲ್ಲಿ ಒಂದು ನಾಣ್ಯದ ದೊಡ್ಡ ಫೋಟೋ, ಕೆಳಗೆ ಮೂರು ನಾಲ್ಕು ಸಣ್ಣ ವಾಕ್ಯ. ‘ಇಲ್ಲಿ ಎಷ್ಟು ಸಿಂಹ ಕಾಣುತ್ತವೆ? ಹಿಂದೆ ಇನ್ನೊಂದಿದೆ. ಅದು ಏಕೆ ಕಾಣುವುದಿಲ್ಲ?’ ಪ್ರತಿ ವಾಕ್ಯವೂ ಮೇಲಿನ ಚಿತ್ರವನ್ನು ಕೈ ಮಾಡಿ ತೋರಿಸುತ್ತಿತ್ತು. ಚಿತ್ರ ತೆಗೆದರೆ ಆ ವಾಕ್ಯಗಳಿಗೆ ಗತಿಯಿಲ್ಲ.

ಫೋಟೋಗಳನ್ನು ಅಪ್ಪನೇ ತೆಗೆದರು. ಎದುರು ಮನೆಯವರ ಡಿಜಿಟಲ್ ಕ್ಯಾಮೆರಾ ಎರವಲು ತಂದು, ಬಾಲ್ಕನಿಯಲ್ಲಿ ಬಿಳಿ ಡ್ರಾಯಿಂಗ್ ಹಾಳೆ ಹಾಸಿ, ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಒಂದು ಗಂಟೆಯಲ್ಲಿ. ಹಳೆಯ ತಾಮ್ರದ ಕಾಸುಗಳು ಸುಮ್ಮನೆ ಕೂತು ಫೋಟೋ ತೆಗೆಸಿಕೊಂಡವು. ಹೊಸ ಸ್ಟೀಲಿನ ನಾಣ್ಯಗಳಲ್ಲಿ ಮಾತ್ರ ಅಪ್ಪನ ಮುಖವೇ ಮಿನುಗುತ್ತಿತ್ತು. ಅದಕ್ಕೆ ಅವರು ದಿನಪತ್ರಿಕೆಯ ನಡುವೆ ಲೆನ್ಸಿನಷ್ಟು ತೂತು ಕೊರೆದು, ಅದರ ಹಿಂದೆ ನಿಂತು ಫೋಟೋ ತೆಗೆಯುವುದನ್ನು ಕಲಿತರು. ಒಂದು ಬೇಸಿಗೆಯಿಡೀ ಇದು ನಡೆಯಿತು. ಕಾರ್ಯದರ್ಶಿ ಆಂಟಿ, ನೋಯ್ಡಾದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಬಳಗದ ವತಿಯಿಂದಲೇ ಅಚ್ಚು ಹಾಕಿಸಿ ನವೆಂಬರಿನ ರಾಜ್ಯೋತ್ಸವಕ್ಕೆ ಬಿಡುಗಡೆ ಮಾಡೋಣ ಎಂದರು. ಅಪ್ಪನ ಹೆಸರು ಮುಖಪುಟದಲ್ಲಿ ಬರುವುದಿತ್ತು. ಅವರು ಬರೆದದ್ದರ ಮೇಲೆ ಅವರದೇ ಹೆಸರು ಬರುವುದು ಅದೇ ಮೊದಲು. ಇದನ್ನು ಹೇಳಿದ್ದು ಅಮ್ಮ. ಅಪ್ಪ ಹೇಳಲಿಲ್ಲ.

ಆಗಸ್ಟಿನ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಅಪ್ಪ ಸ್ಟುಡಿಯೋದಲ್ಲಿ ಮುದ್ರಿಸಿ ತಂದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದರು. ಹಿಂದಿನ ವಾರವಷ್ಟೇ ನಾನು ಕೃತಿಸ್ವಾಮ್ಯದ ವಿಷಯದ ಮೇಲೆ ಒಂದು ಸ್ಪರ್ಧೆ ಗೆದ್ದು ಬಂದಿದ್ದೆ. ಓದಿದ ಕಾನೂನು ಇನ್ನೂ ತಲೆಯಲ್ಲಿ ಬಿಸಿಯಾಗಿತ್ತು.

“ಅಪ್ಪ, ಈ ಫೋಟೋ ಯಾರದು?” ಎಂದೆ.

“ನಂದೇ. ಬಿಸಿಲಲ್ಲಿ ನಿಂತೋನು ನಾನಲ್ವ?”

“ಫೋಟೋ ನಿಮ್ಮದು. ನಾಣ್ಯಾನೂ ನಿಮ್ಮದೇ. ನಾಣ್ಯದ ಮೇಲಿನ ಚಿತ್ರ ಯಾರದು?”

ಅಮ್ಮ, ಹುಳಿ ಬಡಿಸುತ್ತಿದ್ದವಳು, “ಇವಳದ್ದು ಶುರುವಾಯ್ತು. ತಟ್ಟೆ ಮುಂದೆ ಬೇಡ,” ಎಂದಳು.

ನಾನು ನಿಲ್ಲಿಸಲಿಲ್ಲ. ನಾಣ್ಯದ ವಿನ್ಯಾಸವನ್ನು ಒಬ್ಬ ಕಲಾವಿದ ಬರೆದಿರುತ್ತಾನೆ, ಅದು ಕಲಾಕೃತಿ. ಸರ್ಕಾರಕ್ಕಾಗಿ ಬರೆದದ್ದರಿಂದ ಅದರ ಕೃತಿಸ್ವಾಮ್ಯ ಸರ್ಕಾರದ್ದು. ಅದು ಹೊರಬಂದ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಆ ಹಕ್ಕು ಇರುತ್ತದೆ. ಅಲ್ಲಿಯವರೆಗೆ ಅದರ ಪ್ರತಿಯನ್ನು ಪುಸ್ತಕದಲ್ಲಿ ಅಚ್ಚು ಹಾಕಲು ಕೇಳಬೇಕು. ಇದನ್ನೆಲ್ಲ ನಾನು ಬೆರಳು ಮಡಿಸಿ ಎಣಿಸುತ್ತ ಹೇಳಿದೆ. ಅಪ್ಪ ಊಟ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ: “ಅರವತ್ತೇನಾ? ಖಾತ್ರಿಯಾಗಿ?”

“ಖಾತ್ರಿ.”

ಅವರು ಕೈತೊಳೆದು ಬಂದು ಪುಸ್ತಕದ ಪಟ್ಟಿ ತೆಗೆದರು. ಪೆನ್ಸಿಲಿನಲ್ಲಿ ಒಂದೊಂದೇ ಗುರುತು ಮಾಡಿದರು. ೧೯೪೪ರವರೆಗಿನ ಅರಸನ ನಾಣ್ಯಗಳು ಪಾರಾದವು. ೧೯೪೬ರ ಹುಲಿಯ ಅರ್ಧ ರೂಪಾಯಿ ಸಿಕ್ಕಿಬಿತ್ತು. ಅಲ್ಲಿಂದ ಮುಂದೆ ೧೯೫೦ರ ಕುದುರೆ, ಹೋರಿ, ಆಮೇಲಿನ ಕಮಲ, ಖಡ್ಗಮೃಗ, ದೇಶದ ನಕ್ಷೆಯ ಎರಡು ರೂಪಾಯಿ, ಒಂದೂ ಉಳಿಯಲಿಲ್ಲ. ಪುಸ್ತಕದ ಮುಕ್ಕಾಲು ಭಾಗ ಗುರುತಿನ ಕೆಳಗೆ ಹೋಯಿತು.

“ನೋಡಿ ಮಜಾ,” ಎಂದೆ ನಾನು. “ಪರದೇಶದ ಅರಸನ ತಲೇನ ಯಾರು ಬೇಕಾದ್ರೂ ಅಚ್ಚು ಹಾಕಬಹುದು. ಸ್ವತಂತ್ರ ದೇಶದ ಸಿಂಹಕ್ಕೆ ಅನುಮತಿ ಬೇಕು.”

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮುಂದಿನ ಸ್ಪರ್ಧೆಯಲ್ಲಿ ಅದನ್ನೇ ಬಳಸಿದೆ. ಸಭೆ ನಕ್ಕಿತು. ಅಪ್ಪ ಆ ರಾತ್ರಿ ನಗಲಿಲ್ಲ. ಅದು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಪ್ರಶ್ನೆಯನ್ನು ಚೆನ್ನಾಗಿ ಕೇಳಿದರೆ ನನ್ನ ಪಾಲಿಗೆ ಕೆಲಸ ಮುಗಿದ ಹಾಗೆಯೇ ಆಗಿತ್ತು. ಮರುದಿನ ಬೆಳಿಗ್ಗೆ ಅಪ್ಪ ಕಾರ್ಯದರ್ಶಿ ಆಂಟಿಗೆ ಫೋನ್ ಮಾಡಿ, ಅಚ್ಚಿಗೆ ಕೊಡಬೇಡಿ, ಒಂದು ತೊಡಕಿದೆ ಎಂದಿದ್ದರು.

ಆಂಟಿ ಸಂಜೆಯೇ ಬಂದರು. ಹೆಲ್ಮೆಟ್ಟನ್ನು ದಿವಾನದ ಮೇಲಿಟ್ಟು, ಕಾಫಿ ಬರುವ ಮೊದಲೇ ವಾದಕ್ಕಿಳಿದರು. “ಸರ್, ದಿನಾ ಪೇಪರಲ್ಲಿ ನಾಣ್ಯದ ಫೋಟೋ ಬರುತ್ತೆ. ಟಿವೀಲಿ ಬರುತ್ತೆ. ನಮ್ಮ ಹತ್ತಿಪ್ಪತ್ತು ಮಕ್ಕಳ ಪುಸ್ತಕ ನೋಡೋಕೆ ಯಾರು ಬರ್ತಾರೆ?”

“ಅವರು ಕೇಳಿದಾರೋ ಇಲ್ವೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಅಷ್ಟು ಗೊತ್ತು,” ಎಂದರು ಅಪ್ಪ.

“ಇವಳು ಹೇಳೋವರೆಗೂ ಅದೂ ಗೊತ್ತಿರ್ಲಿಲ್ವಲ್ಲ.” ಆಂಟಿ ನನ್ನ ಕಡೆ ತಿರುಗಿದರು. “ಏನಮ್ಮಾ ಲಾಯರಮ್ಮ, ಸ್ವಲ್ಪ ದಿನ ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ? ನವೆಂಬರ್ ಎರಡನೇ ತಾರೀಕು ಹೇಳಿದ್ರೆ ಸಾಕಿತ್ತು.”

ನನಗೆ ಯಾವ ಪಕ್ಷ ಕೊಟ್ಟರೂ ಮಾತಾಡುವ ಅಭ್ಯಾಸ. ಕೂಡಲೇ ಆಂಟಿಯ ಪಕ್ಷಕ್ಕೆ ದಾಟಿದೆ. ಮುಖರ್ಜಿ ನಗರಕ್ಕೆ ಹೋಗಿ ನೋಡಿ, ಕೋಚಿಂಗ್ ಹುಡುಗರು ಇಡೀ ಇಡೀ ಪುಸ್ತಕಗಳನ್ನು ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿಕೊಂಡು ಹೋಗುತ್ತಾರೆ, ಓದಿ ಅದೇ ಸರ್ಕಾರದಲ್ಲಿ ಅಧಿಕಾರಿಗಳಾಗುತ್ತಾರೆ ಎಂದೆ. ಪಾಠ ಹೇಳುವುದಕ್ಕೆ ಕಾನೂನಿನಲ್ಲೇ ಒಂದಿಷ್ಟು ವಿನಾಯಿತಿ ಇದೆ ಎಂದೆ. ಕೇಳಿದರೆ ಇಲ್ಲ ಅನ್ನುವುದು ಸುಲಭ, ಆದ್ದರಿಂದ ಕೇಳಲೇಬಾರದು ಎಂದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, ತಾನು ಸರ್ಕಾರಿ ನೌಕರ, ಸರ್ಕಾರದ ವಸ್ತುವನ್ನು ಬಳಸುವಾಗ ಬೇರೆಯವರಿಗಿಂತ ಒಂದು ಹೆಜ್ಜೆ ಹೆಚ್ಚು ಕೇಳಬೇಕಾಗುತ್ತದೆ ಎಂದಷ್ಟೇ ಹೇಳಿದರು. ಪುಸ್ತಕ ಬರೆಯುತ್ತಿದ್ದೇನೆಂದು ತಮ್ಮ ಕಚೇರಿಗೆ ಮೇ ತಿಂಗಳಲ್ಲೇ ಲಿಖಿತವಾಗಿ ತಿಳಿಸಿದ್ದೂ ಆಗ ಗೊತ್ತಾಯಿತು. ಆಂಟಿ ಹಣೆ ಚಚ್ಚಿಕೊಂಡರು. ಅಕ್ಟೋಬರ್ ಹದಿನೈದರವರೆಗೆ ಕಾಯುತ್ತೇನೆ, ಅದರ ಮೇಲೆ ಮುದ್ರಕ ನನ್ನ ಮಾತು ಕೇಳುವುದಿಲ್ಲ ಎಂದು ಹೆಲ್ಮೆಟ್ ಎತ್ತಿಕೊಂಡರು.

ಅಪ್ಪ ಬರೆದ ಅರ್ಜಿ ಮೂರು ಸಾಲಿನದ್ದು. ಮಕ್ಕಳಿಗೆ ಕನ್ನಡ ಕಲಿಸಲು ಒಂದು ಕಿರುಪುಸ್ತಕ ಬರೆದಿದ್ದೇನೆ, ಮಾರಾಟಕ್ಕಲ್ಲ, ಅದರಲ್ಲಿ ಪಟ್ಟಿಯಲ್ಲಿರುವ ನಾಣ್ಯಗಳ ಫೋಟೋ ಅಚ್ಚು ಹಾಕಲು ಅನುಮತಿ ಕೊಡಬೇಕಾಗಿ ವಿನಂತಿ. ಅಷ್ಟೇ. ಅದನ್ನು ಓದಿ ನನಗೆ ನಗು ಬಂತು. ಇದರಲ್ಲಿ ವಾದವೇ ಇಲ್ಲವಲ್ಲ, ಯಾಕೆ ಕೊಡಬೇಕೆಂದು ಒಂದು ಕಾರಣವೂ ಇಲ್ಲ, ನಾನು ಬರೆಯುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ.

ಎರಡು ರಾತ್ರಿ ಕೂತು ಇಂಗ್ಲಿಷಿನಲ್ಲಿ ಎರಡೂವರೆ ಪುಟ, ಎಂಟು ಪ್ಯಾರಾ ಬರೆದೆ. ಈಗಲೂ ಅದು ಕೆಟ್ಟ ಬರಹವೆಂದು ನನಗೆ ಅನ್ನಿಸುವುದಿಲ್ಲ. ಮೊದಲ ಮೂರು ಪ್ಯಾರಾದಲ್ಲಿ ತರಗತಿ, ಮಕ್ಕಳು, ಪುಸ್ತಕ. ನಾಲ್ಕನೆಯದರಲ್ಲಿ ಕಲಿತ ವಿದ್ಯೆಯನ್ನು ಪ್ರಯೋಗಿಸಿದೆ. ಅದರ ಸಾರಾಂಶ ಹೀಗಿತ್ತು: ‘ನಾಣ್ಯದ ವಿನ್ಯಾಸವು ಸರ್ಕಾರದ ಕೃತಿಸ್ವಾಮ್ಯಕ್ಕೆ ಒಳಪಟ್ಟಿದೆ, ಒಬ್ಬರಿಗೆ ಅನುಮತಿ ಕೊಟ್ಟರೆ ಕೇಳಿದವರಿಗೆಲ್ಲ ಕೊಡಬೇಕಾಗುತ್ತದೆ, ಮುದ್ರಿತ ಚಿತ್ರಗಳ ದುರುಪಯೋಗವಾದರೆ ತಡೆಯುವುದು ಕಷ್ಟ ಎಂದು ಆಕ್ಷೇಪಿಸಬಹುದು.’ ಐದನೆಯ ಪ್ಯಾರಾ ‘ಆದರೆ’ ಎಂದು ಶುರುವಾಗಿ ಆ ಮೂರನ್ನೂ ಒಂದೊಂದಾಗಿ ಮುರಿಯುತ್ತಿತ್ತು. ಪ್ರತಿಯೊಬ್ಬ ಪ್ರಜೆಯ ಜೇಬಿನಲ್ಲೂ ಸರ್ಕಾರ ತಾನೇ ಹಂಚಿರುವ ಚಿತ್ರವನ್ನು ಮಕ್ಕಳಿಗೆ ತೋರಿಸುವುದರಿಂದ ಯಾರಿಗೆ ಏನು ನಷ್ಟ ಎಂದು ಅದು ಮುಗಿಯುತ್ತಿತ್ತು.

ಅಪ್ಪ ಪೆನ್ಸಿಲ್ ಹಿಡಿದು ಅದನ್ನು ಎರಡು ಸಲ ಓದಿದರು. “ಚೆನ್ನಾಗಿ ಬರ್ದಿದೀಯ,” ಎಂದರು. ಸಹಿ ಹಾಕಿದರು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು.

ಅರ್ಜಿ ಹೋದದ್ದು ನಾಣ್ಯಗಳ ವಿಷಯ ನೋಡಿಕೊಳ್ಳುವ ಕಚೇರಿಗೆ, ಅದು ಅಪ್ಪನ ಕಚೇರಿಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಅವರ ಪರಿಚಯದವರೊಬ್ಬರೂ ಇದ್ದರು. ಆಂಟಿ ಎರಡು ಸಲ ಫೋನ್ ಮಾಡಿ, ಊಟದ ಬಿಡುವಿನಲ್ಲಿ ಹೋಗಿ ಅವರ ಜೊತೆ ಒಂದು ಚಹಾ ಕುಡಿದು ಬನ್ನಿ ಸರ್, ಫೈಲು ತಾನಾಗಿ ನಡೆಯುತ್ತದೆ ಎಂದರು. ಅಪ್ಪ ಹೋಗಲಿಲ್ಲ. ತಮ್ಮ ಮೇಜಿನ ಮೇಲಿನ ಫೈಲಿಗಾಗಿ ಹಾಗೆ ಚಹಾಕ್ಕೆ ಬಂದವರನ್ನು ಮೂವತ್ತು ವರ್ಷ ಬರಿಗೈಯಲ್ಲಿ ಕಳಿಸಿದ್ದವರು, ಈಗ ತಾವೇ ಹೇಗೆ ಹೋಗುವುದು ಎಂದರಂತೆ. ಇದನ್ನು ಆಂಟಿ ನನಗೆ ಬಯ್ಗುಳದ ರೂಪದಲ್ಲಿ ವರದಿ ಮಾಡಿದರು.

ಉತ್ತರ ಸೆಪ್ಟೆಂಬರ್ ಕೊನೆಯ ವಾರ ಬಂತು. ಸರ್ಕಾರಿ ಪತ್ರದ ಲೆಕ್ಕದಲ್ಲಿ ಅದು ತುಂಬ ಬೇಗ. ಅಪ್ಪ ಕಚೇರಿಯಿಂದ ಬಂದು, ಬೂಟು ಬಿಚ್ಚುವ ಮೊದಲು ಅಂಚೆಯ ಲಕೋಟೆ ಒಡೆದು ಓದಿ, ನನ್ನ ಕೈಗೆ ಕೊಟ್ಟರು. ಒಂದೇ ಪುಟ. ಅರ್ಜಿದಾರರು ತಮ್ಮ ಪತ್ರದ ನಾಲ್ಕನೆಯ ಪ್ಯಾರಾದಲ್ಲಿ ಸ್ವತಃ ತಿಳಿಸಿರುವಂತೆ ನಾಣ್ಯದ ವಿನ್ಯಾಸವು ಸರ್ಕಾರದ ಕೃತಿಸ್ವಾಮ್ಯಕ್ಕೆ ಒಳಪಟ್ಟಿದೆ. ಒಬ್ಬರಿಗೆ ಅನುಮತಿ ಕೊಟ್ಟರೆ ಕೇಳಿದವರಿಗೆಲ್ಲ ಕೊಡಬೇಕಾಗುತ್ತದೆ. ಮುದ್ರಿತ ಚಿತ್ರಗಳ ದುರುಪಯೋಗವಾದರೆ ತಡೆಯುವುದು ಕಷ್ಟ. ಆದ್ದರಿಂದ ವಿನಂತಿಯನ್ನು ಒಪ್ಪಲಾಗದೆಂದು ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ.

ನನ್ನ ವಾಕ್ಯಗಳನ್ನು ಒಂದು ಪದವನ್ನೂ ಬದಲಿಸದೆ ಎತ್ತಿಕೊಂಡಿದ್ದರು. ‘ಎಂದು ಆಕ್ಷೇಪಿಸಬಹುದು’ ಎಂಬುದಷ್ಟೇ ಕಾಣೆಯಾಗಿತ್ತು.

ನಾನು ಕೂಗಾಡಿದೆ. ಇದು ಮೋಸ, ಸಂದರ್ಭ ತಪ್ಪಿಸಿ ಉಲ್ಲೇಖಿಸುವುದು, ಯಾವ ಸ್ಪರ್ಧೆಯಲ್ಲಾದರೂ ಇವರನ್ನು ಹೊರಗೆ ಹಾಕುತ್ತಿದ್ದರು ಎಂದೆ. ಅಪ್ಪ ಬೂಟು ಬಿಚ್ಚಿ, ಕಾಲುಚೀಲ ಅದರೊಳಗಿಟ್ಟು, ಆಮೇಲೆ ಮಾತಾಡಿದರು.

“ಇದು ಸ್ಪರ್ಧೆ ಅಲ್ಲ ಪುಟ್ಟಿ. ಅಲ್ಲಿ ಕೂತಿರೋನಿಗೆ ನಿನ್ನ ಗೆಲ್ಲಬೇಕು ಅಂತಿಲ್ಲ. ಅವನ ಹತ್ರ ದಿನಕ್ಕೆ ನಲವತ್ತು ಕಾಗದ ಬರುತ್ತೆ. ಪ್ರತಿಯೊಂದಕ್ಕೂ ಟಿಪ್ಪಣಿ ಬರೀಬೇಕು. ಬೇಡ ಅನ್ನೋದಕ್ಕೆ ಕಾರಣ ಹುಡುಕ್ಬೇಕು, ಅದು ಕಷ್ಟದ ಕೆಲಸ. ನೀನು ಅದನ್ನ ಟೈಪ್ ಮಾಡಿ ಕೊಟ್ಟಿದೀಯ.”

“ಐದನೇ ಪ್ಯಾರಾದಲ್ಲಿ ಉತ್ತರ ಇತ್ತಲ್ಲ.”

“ಇತ್ತು.”

ಮುಂದಿನ ವಾದಕ್ಕೆ ಸಾಮಗ್ರಿ ಬೇಕೆಂದು ನಾನು ಅಪ್ಪನ ಕಾಗದದ ಕಟ್ಟಿನಿಂದ ನಮ್ಮ ಅರ್ಜಿಯ ಪ್ರತಿ ತೆಗೆದೆ. ಅವರು ಪ್ರತಿಯೊಂದು ಪತ್ರಕ್ಕೂ ಒಂದು ಕಚೇರಿ ಪ್ರತಿ ಇಡುತ್ತಿದ್ದರು, ಮನೆಯ ಪತ್ರಗಳಿಗೂ. ನಾಲ್ಕನೆಯ ಪ್ಯಾರಾದ ಅಂಚಿನಲ್ಲಿ ಉದ್ದಕ್ಕೆ ಪೆನ್ಸಿಲಿನ ಗೆರೆ ಎಳೆದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಬಿಡಬೇಕೆ?’ ಎಂದು ಬರೆದಿತ್ತು. ಕೆಳಗೆ ಸಹಿ ಹಾಕಿದ ದಿನದ ತಾರೀಕು.

“ನಿಮಗೆ ಗೊತ್ತಿತ್ತು,” ಎಂದೆ.

“ನಾನೂ ಅದೇ ಕೆಲಸ ಮಾಡೋನು ತಾನೆ.”

“ಮತ್ತೆ ಯಾಕೆ ಸಹಿ ಹಾಕಿದ್ರಿ? ಹೊಡೆದು ಹಾಕಬಹುದಿತ್ತು.”

ಅಪ್ಪ ಆ ಪ್ರತಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. “ನಾಲ್ಕನೇದು ತೆಗೆದ್ರೆ ಐದನೇದಕ್ಕೆ ಅರ್ಥ ಇರ್ತಿರ್ಲಿಲ್ಲ. ಐದನೇದು ಚೆನ್ನಾಗಿತ್ತು. ಓದ್ತಾರೆ ಅಂದ್ಕೊಂಡೆ.”

ತಾನು ಸ್ವತಃ ಯಾರ ಐದನೆಯ ಪ್ಯಾರಾವನ್ನೂ ಬಹುಶಃ ಓದದ ಮನುಷ್ಯ, ನನ್ನದನ್ನು ಇನ್ನೊಬ್ಬ ಓದುತ್ತಾನೆಂದು ನಂಬಿ ಒಂದು ಬೇಸಿಗೆಯ ಕೆಲಸವನ್ನು ಪಣಕ್ಕಿಟ್ಟಿದ್ದರು. ತರ್ಕದ ದೃಷ್ಟಿಯಿಂದ ಇದು ದುರ್ಬಲ ನಿರ್ಧಾರ. ನಾನು ಹಾಗೆಂದು ಹೇಳಲಿಲ್ಲ. ಹೇಳದೆ ಬಿಟ್ಟ ಮೊದಲ ಆಕ್ಷೇಪ ಅದೇ ಇರಬೇಕು.

ಆಂಟಿ ಪತ್ರ ಓದಿ, ಸರಿ, ಕೇಳಿದ್ದಾಯಿತು, ಇನ್ನು ಅಚ್ಚು ಹಾಕೋಣ ಎಂದರು. ಕೇಳುವ ಮೊದಲು ಹಾಕಿದ್ದರೆ ಅದು ತಿಳಿಯದೆ ಮಾಡಿದ ತಪ್ಪಾಗುತ್ತಿತ್ತು, ಈಗ ಬೇಡವೆಂದ ಕಾಗದ ಕೈಯಲ್ಲಿದೆ ಎಂದರು ಅಪ್ಪ. ನಾನು ಮೇಲ್ಮನವಿ ಬರೆಯುತ್ತೇನೆ ಎಂದೆ. ಇಬ್ಬರೂ ಒಟ್ಟಿಗೆ ಬೇಡ ಎಂದರು. ಪುಸ್ತಕವನ್ನೇ ಕೈಬಿಡುವ ಮಾತು ಅಮ್ಮನಿಂದ ಬಂತು. ಆಮಂತ್ರಣ ಪತ್ರಿಕೆಯಲ್ಲಿ ಹಾಕಿ ಆಗಿದೆ ಎಂದು ಆಂಟಿ ತಲೆ ಹಿಡಿದುಕೊಂಡರು.

ಕೊನೆಗೆ ಅಪ್ಪ ಒಂದು ದಾರಿ ಹೇಳಿದರು. ಅರಸನ ಕಾಲದ ಪುಟಗಳಲ್ಲಿ ಫೋಟೋ ಹಾಗೇ ಇರಲಿ. ಮಿಕ್ಕ ಪುಟಗಳಲ್ಲಿ ಫೋಟೋ ಇರಬೇಕಾದ ಜಾಗದಲ್ಲಿ ಆ ನಾಣ್ಯದಲ್ಲಿ ಏನಿದೆಯೆಂದು ಬರೆದುಬಿಡೋಣ. ಮಕ್ಕಳು ಅಸಲಿ ನಾಣ್ಯ ಹಿಡಿದು ಓದಿಕೊಳ್ಳಲಿ. ಹಾಗೆಂದು ನನ್ನ ಕಡೆ ನೋಡಿದರು. “ನೀನು ಬರಿ. ಕನ್ನಡದಲ್ಲಿ. ವಾದ ಬೇಡ, ಕಂಡದ್ದಷ್ಟೇ.”

ಬರೆದು ವಿವರಿಸುವುದೂ ಒಂದು ಬಗೆಯ ನಕಲೇ ಅಲ್ಲವೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮ ನನ್ನ ಮುಖ ನೋಡಿ, “ಬೇಡ,” ಎಂದಳು.

ಹತ್ತು ದಿನ ಬರೆದೆ. ಆಗ ನನ್ನ ಕನ್ನಡ ಅಡುಗೆಮನೆಯ ಕನ್ನಡ, ಬರೆಯಲು ಕೂತರೆ ಇಂಗ್ಲಿಷ್ ಪದ ಮೊದಲು ಬರುತ್ತಿತ್ತು. ಮೊದಲ ದಿನ ಎರಡು ರೂಪಾಯಿಯ ಬಗ್ಗೆ ‘ನಮ್ಮ ಹೆಮ್ಮೆಯ ದೇಶದ ಭವ್ಯವಾದ ನಕ್ಷೆ’ ಎಂದು ಬರೆದುಕೊಂಡು ಹೋದೆ. ಅಪ್ಪ ನಾಣ್ಯವನ್ನು ನನ್ನ ಮುಂದೆ ಸರಿಸಿದರು. “ಭವ್ಯ ಎಲ್ಲಿದೆ ತೋರ್ಸು. ಹೆಮ್ಮೆ ಯಾವ ಕಡೆ ಇದೆ, ಹಿಂದೆನಾ ಮುಂದೆನಾ?”

ಪುರಾವೆ ಕೇಳಿ ಎದುರಾಳಿಯನ್ನು ಕೆಡವುವುದು ನನ್ನ ವಿದ್ಯೆ. ಅದನ್ನು ಅವರು ನನ್ನ ಮೇಲೆ ಪ್ರಯೋಗಿಸಿದಾಗ ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. ಕೊನೆಗೆ ಉಳಿದದ್ದು ಇಷ್ಟು: ‘ಹನ್ನೊಂದು ಮೂಲೆ. ನಡುವೆ ದೇಶದ ನಕ್ಷೆ. ನಕ್ಷೆಯ ಒಳಗೆ ಬಾವುಟ. ಕೆಳಗೆ ಇಸವಿ. ಇಸವಿಯ ಕೆಳಗೆ ಏನಿದೆ, ನೀನೇ ನೋಡು.’ ಕುದುರೆಯ ಪೈಸೆಗೆ ಮೂರು ದಿನ ಹಿಡಿಯಿತು. ಅದು ಓಡುತ್ತಿದೆ ಎಂದು ಬರೆದಿದ್ದೆ. ಎಷ್ಟು ಕಾಲು ನೆಲದ ಮೇಲಿದೆ ಎಣಿಸು ಎಂದರು. ಎಣಿಸಿ ನೋಡಿದ ಮೇಲೆ ‘ಒಂದು ಮುಂಗಾಲು ಎತ್ತಿದೆ’ ಎಂದಷ್ಟೇ ತಿದ್ದಿದೆ.

ರಾಜ್ಯೋತ್ಸವದ ದಿನ ಪುಸ್ತಕ ಬಿಡುಗಡೆಯಾಯಿತು. ನಾಡಗೀತೆ, ಭಾಷಣ, ಬಿಸಿಬೇಳೆಬಾತ್, ಎಲ್ಲ ಇತ್ತು. ಮಕ್ಕಳು ಪುಸ್ತಕ ಬಿಡಿಸಿದರು. ಅರಸನ ಪುಟಗಳನ್ನು ಕಣ್ಣರಳಿಸಿ ನೋಡಿದರು. ಅಲ್ಲಿಂದ ಮುಂದಿನ ಪುಟಗಳನ್ನು ಸರಸರನೆ ಮಗುಚಿದರು. ಎರಡು ಜಡೆಯ ಒಬ್ಬಳು ವೇದಿಕೆಯ ಹತ್ತಿರ ಬಂದು ಅಪ್ಪನನ್ನು ಕೇಳಿದಳು: “ಅಂಕಲ್, ಬಾಕಿ ಫೋಟೋ ಕಹಾಂ ಹೈ?”

ಅಪ್ಪ ಬಗ್ಗಿ, ಕನ್ನಡದಲ್ಲಿ, ದೊಡ್ಡವರಿಗೆ ಹೇಳುವಂತೆಯೇ ಹೇಳಿದರು. “ಅರ್ಜಿ ಹಾಕಿದ್ವಿ ಮರಿ. ಕೊಡಲಿಲ್ಲ.”

ಅವಳು ಅಚ್ಛಾ ಎಂದು ಹೋದಳು. ದೆಹಲಿಯ ಸರ್ಕಾರಿ ನೌಕರರ ಮನೆಗಳ ಮಕ್ಕಳಿಗೆ ಆ ಉತ್ತರ ವಿಚಿತ್ರವಾಗಿ ಕೇಳಿಸುವುದಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅಪ್ಪ ಹಾರ್ಲಿಕ್ಸ್ ಬಾಟಲಿಗಳನ್ನು ತರಗತಿಗೆ ಒಯ್ದರು. ಮಕ್ಕಳು ನಾಣ್ಯ ಹಿಡಿದು ನಾನು ಬರೆದ ಸಾಲುಗಳನ್ನು ಓದಿದರು. ಕೆಲವರು ಓದಲು ಕಲಿತರು, ಕೆಲವರು ಬಾಟಲಿ ಉರುಳಿಸಲು ಕಲಿತರು. ಚಿತ್ರಗಳಿಲ್ಲದ್ದೇ ಒಳ್ಳೆಯದಾಯಿತು, ಮಾತಿನಲ್ಲಿ ಬರೆದದ್ದೇ ಚೆಂದ ಎಂದು ಬಳಗದ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿದರು. ನಾನು ಒಪ್ಪುವುದಿಲ್ಲ. ಅವರು ಏಳು ವರ್ಷದ ಮಕ್ಕಳಿಗೆ 'ಒಂದು ಮುಂಗಾಲು ಎತ್ತಿದೆ' ಎಂದು ಓದಿಸಿದವರಲ್ಲ. ಫೋಟೋಗಳಿದ್ದಿದ್ದರೆ ಅದು ಒಳ್ಳೆಯ ಪುಸ್ತಕವಾಗುತ್ತಿತ್ತು. ಈಗಿರುವುದು ಸಾಧಾರಣ ಪುಸ್ತಕ, ಮುಖಪುಟದಲ್ಲಿ ಅಪ್ಪನ ಹೆಸರಿದೆ.

೨೦೦೭ರ ಜನವರಿ ಎರಡನೇ ತಾರೀಕು ಅಪ್ಪ ಸ್ಟುಡಿಯೋಗೆ ಹೋಗಿ ಹುಲಿಯ ಅರ್ಧ ರೂಪಾಯಿಯ ಫೋಟೋವನ್ನು ಮಕ್ಕಳ ಸಂಖ್ಯೆಯಷ್ಟು ಪ್ರತಿ ಮಾಡಿಸಿ ತಂದರು. ೧೯೪೬ಕ್ಕೆ ಅರವತ್ತು ವರ್ಷ ತುಂಬಿತ್ತು. ಒಂದನೇ ತಾರೀಕು ಸ್ಟುಡಿಯೋ ಮುಚ್ಚಿತ್ತಂತೆ. ಮುಂದಿನ ಭಾನುವಾರ ಪ್ರತಿ ಮಗುವಿನ ಪುಸ್ತಕದಲ್ಲೂ ಅದನ್ನು ತಾವೇ ಗೋಂದು ಹಚ್ಚಿ ಅಂಟಿಸಿದರು. ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ.

ಈಗ ಅವರು ನಿವೃತ್ತರಾಗಿ ಎರಡು ವರ್ಷವಾಗಿದೆ. ಮೊನ್ನೆ ನಾನು ಅವರ ಪುಸ್ತಕದ ಪ್ರತಿಯನ್ನು ತೆಗೆದು ನೋಡಿದೆ. ಫೋಟೋ ಇಲ್ಲದ ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಇಸವಿ. ಕುದುರೆಗೂ ಹೋರಿಗೂ ೨೦೧೧. ಖಡ್ಗಮೃಗಕ್ಕೆ ೨೦೪೯. ಕೊನೆಯ ಪುಟದ ನಾಣ್ಯ ೨೦೦೪ರದ್ದು, ಅದಕ್ಕೆ ೨೦೬೫. ಸುಮಾರು ಅರ್ಧದವರೆಗೆ ಇಸವಿ ಮಾತ್ರ ಇತ್ತು. ಅದರ ನಂತರದ ಪುಟಗಳಲ್ಲಿ ಇಸವಿಯ ಪಕ್ಕದಲ್ಲಿ ನನ್ನ ಹೆಸರಿನ ಮೊದಲ ಅಕ್ಷರವೂ ಇತ್ತು. ಕಚೇರಿಯಲ್ಲಿ ಫೈಲು ಮುಂದೆ ಯಾರ ಮೇಜಿಗೆ ಹೋಗಬೇಕೋ ಅವರನ್ನು ಅಂಚಿನಲ್ಲಿ ಹಾಗೆ ಗುರುತಿಸುತ್ತಾರೆ. ಗುರುತು ಬಿದ್ದ ಮೇಲೆ ಅದು ಅವರ ಕೆಲಸ.

೨೦೬೫ಕ್ಕೆ ನನಗೆ ಎಂಬತ್ತು ತುಂಬಿರುತ್ತದೆ ಎಂದೆ. ಅಪ್ಪ ಹೂಂ ಎಂದರು. ಅಷ್ಟರಲ್ಲಿ ಫೋಟೋ ಇರುವ ಸಿ.ಡಿ. ಓದುವ ಯಂತ್ರವೇ ಇರುವುದಿಲ್ಲ ಎಂದೆ. ಪ್ರಿಂಟು ಹಾಕಿಸಿ ಲಕೋಟೆಯಲ್ಲಿಟ್ಟಿದ್ದೇನೆ ಎಂದರು. ನನಗೆ ಇನ್ನೊಂದು ಆಕ್ಷೇಪವಿತ್ತು.

“ಹಿಂದೆ ಐವತ್ತು ವರ್ಷ ಇತ್ತಪ್ಪ. ಅರವತ್ತು ಮಾಡಿದ್ರು. ನಾಳೆ ಎಂಬತ್ತು ಮಾಡಿದ್ರೆ?”

ಅಪ್ಪ ಪುಸ್ತಕವನ್ನು ಕೈಗೆ ತೆಗೆದುಕೊಂಡು ಕೊನೆಯ ಪುಟ ತೆರೆದರು. ಆಮೇಲೆ ಪೆನ್ಸಿಲಿನಿಂದ ೨೦೬೫ರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪಕ್ಕದಲ್ಲಿದ್ದ ನನ್ನ ಅಕ್ಷರವನ್ನು ಅಳಿಸಲಿಲ್ಲ.